ಮಳೆಗಾಲಕ್ಕೆ ಮುಂಚಿನ ರೊಕ್ಕ

ಕೊಲ್ಹಾಪುರಿ ಚಪ್ಪಲಿ ಮಾಡುವ ಮನೆಗಳಿಗೆ ಮಳೆಗಾಲ ಕಷ್ಟದ ಕಾಲ. ಜಾಲಿ ತೊಗಟೆ, ಅಳಲೆಕಾಯಿಯಲ್ಲಿ ಹದ ಮಾಡಿದ ತೊಗಲು ಒಣಗಲು ಬಿಸಿಲು ಬೇಕು. ಕೆಸರಿನಲ್ಲಿ ಈ ಚಪ್ಪಲಿ ಮೆಟ್ಟುವವರೂ ಇಲ್ಲ. ಅಥಣಿ ತಾಲ್ಲೂಕಿನ ನಮ್ಮ ಅನಂತಪುರದ ಕಡೆ ಗಂಡಸರು ಅಟ್ಟೆ ಕತ್ತರಿಸಿ ಬಡಿಯುತ್ತಾರೆ, ಹೆಂಗಸರು ಪಟ್ಟಿ ಹೆಣೆದು ಹೊಲಿಯುತ್ತೇವೆ. ಕೆಲಸ ನಿಂತರೂ ಒಲೆ ಉರಿಯಬೇಕಲ್ಲ. ಆಗ ವ್ಯಾಪಾರಿಯ ಹತ್ತಿರ ಮುಂಗಡ ತರುವುದು ವಾಡಿಕೆ. ತಂದ ಮೇಲೆ ದೀಪಾವಳಿಯ ಮಾಲೆಲ್ಲ ಅವನಿಗೇ, ಅವನು ಹೇಳಿದ ದರಕ್ಕೇ. ನಾನು ಕಂಡಂತೆ ಕಸುಬಿನವರು ಸೋಲುವುದು ಇಲ್ಲೇ, ಕೈಚಳಕ ಸಾಲದೆ ಅಲ್ಲ.

2019ರ ಜೂನ್‌ನಲ್ಲಿ ನಮ್ಮ ಚಪ್ಪಲಿಗೆ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಬಂತು. ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡಕ್ಕೂ ಅದರಲ್ಲಿ ಪಾಲಿದೆ. ಖುಷಿಪಟ್ಟೆವು. ಆದರೆ ಅದೇ ಆಗಸ್ಟ್‌ನಲ್ಲಿ ಕೃಷ್ಣೆ ಉಕ್ಕಿ ಸಾಂಗ್ಲಿ ಮುಳುಗಿತು. "ರಸ್ತಾ ಬಂದ್ ಐತಿ ಅಕ್ಕಾ, ಮಾಲು ಸದ್ಯ ನಿಮ್ಮ ಕಡೇನ ಇರ್ಲಿ" ಎಂದರು ಸಾಂಗ್ಲಿಯ ವ್ಯಾಪಾರಿ. ಅವರ ತಪ್ಪೇನಿಲ್ಲ, ಅವರ ಅಂಗಡಿಯೇ ನೀರಿನಲ್ಲಿತ್ತು. ಆದರೆ ಅವರೊಬ್ಬರನ್ನೇ ನಂಬಿದ ಮನೆಗಳಿಗೆ ಆ ದೀಪಾವಳಿ ಬರಲೇ ಇಲ್ಲ. ಅಥಣಿ ಸಂತೆ, ಜತ್ತದ ಅಂಗಡಿ, ಜಾತ್ರೆ ಎಂದು ನಾಲ್ಕು ಕಡೆ ಮಾರುತ್ತಿದ್ದವರು ಹೇಗೋ ದಾಟಿದರು. ಮರುವರ್ಷ ಲಾಕ್‌ಡೌನ್‌ನಲ್ಲಿ ಮಹಾರಾಷ್ಟ್ರದ ಗಡಿಯೇ ಮುಚ್ಚಿದಾಗಲೂ ಅಷ್ಟೇ.

ನಮ್ಮನ್ನು ಎತ್ತಿ ನಿಲ್ಲಿಸಿದ್ದು ಹೆಂಗಸರ ಸಂಘ. ಅಥಣಿಯಲ್ಲಿ 'ಟೋಹೋಲ್ಡ್' ಹೆಸರಿನಲ್ಲಿ ಚಪ್ಪಲಿ ಮಾಡುವ ಹೆಂಗಸರ ಸಂಘಗಳು ಒಂದಾಗಿ ವಿದೇಶಕ್ಕೆ ಮಾಲು ಕಳಿಸಿದ್ದನ್ನು ಕೇಳಿದ್ದೆವು. ನಮ್ಮದು ಅಷ್ಟು ದೊಡ್ಡದಲ್ಲ. ವಾರದ ಉಳಿತಾಯ, ಸಣ್ಣ ಸಾಲ, ಪಾಸ್‌ಬುಕ್ ಹೆಂಗಸಿನ ಹೆಸರಿನಲ್ಲಿ. ಇದರಲ್ಲಿ ಸಾಲದ ಮೊತ್ತಕ್ಕಿಂತ ಅದು ಸಿಗುವ ತಿಂಗಳೇ ಮುಖ್ಯ ಎಂದು ನಾನು ಎಲ್ಲ ಬ್ಯಾಂಕಿನವರಿಗೂ ಹೇಳುತ್ತೇನೆ. ಆಗಸ್ಟ್‌ನಲ್ಲಿ ಬಂದ ಸಾಲ ಹಿಟ್ಟು, ಎಣ್ಣೆಗೆ ಹೋಗುತ್ತದೆ. ಏಪ್ರಿಲ್‌ನಲ್ಲಿ ಬಂದರೆ ತೊಗಲಾಗುತ್ತದೆ, ಮಳೆ ಹಿಡಿಯುವ ಮೊದಲು ಜೋಡುಗಳಾಗುತ್ತದೆ.

2025ರ ಜೂನ್‌ನಲ್ಲಿ ಮಿಲಾನ್‌ನ ಪ್ರಾಡಾ ಪ್ರದರ್ಶನದಲ್ಲಿ ನಮ್ಮ ನಮೂನೆಯ ಚಪ್ಪಲಿ ಕಾಣಿಸಿ ದೇಶವೆಲ್ಲ ಗದ್ದಲವಾಯಿತಲ್ಲ, ಆಗ ಬೆಂಗಳೂರು, ಪುಣೆಯಿಂದ ನಮಗೂ ಫೋನು ಬಂದವು. ಹೊರಗೆ ಮಳೆ. ಕೇಳಿದವರಿಗೆ ಆ ವಾರವೇ ಕಳಿಸಲು ಆದದ್ದು, ಬೇಸಿಗೆಯಲ್ಲಿ ಸಂಘದ ಸಾಲ ಎತ್ತಿ ಮಾಲು ಮಾಡಿಟ್ಟ ಮನೆಗಳಿಗೆ. ದರವನ್ನೂ ಆ ಮನೆಯವರೇ ಹೇಳಿದರು.