ಮಣ್ಣಿನ ಅಡುಗೆ, ಮಗುವಿನ ಪಾಠ



ಮಧ್ಯಾಹ್ನದ ಹೊತ್ತು ಕೇರಿಯಲ್ಲಿ ಒಂದು ಸುತ್ತು ಹಾಕೋಣ ಬನ್ನಿ. ಮರದ ನೆರಳಲ್ಲಿ ಮಕ್ಕಳು ಆಡ್ತಾ ಇದ್ದಾರೆ. ಮೂರು ಕಲ್ಲು ಇಟ್ಟಿದ್ದಾರೆ. ಅದು ಒಲೆ. ಮೇಲೆ ತೆಂಗಿನ ಕರಟ. ಅದು ಪಾತ್ರೆ. ಒಳಗೆ ಕಲಸಿದ ಮಣ್ಣು. ಅದು ರಾಗಿ ಮುದ್ದೆ. ಒಬ್ಬಳು ಅಮ್ಮ. ಒಬ್ಬ ಅಪ್ಪ. ಇನ್ನೊಬ್ಬ ಊರಿಂದ ಬಂದ ನೆಂಟ. “ಬನ್ನಿ ಮಾವ, ಕಾಲು ತೊಳೀರಿ, ಊಟಕ್ಕೆ ಏಳಿ” ಅಂತ ಉಪಚಾರ ನಡೀತಾ ಇದೆ.

ಇದನ್ನು ನೋಡಿದ ದೊಡ್ಡವರು ಏನಂತಾರೆ? “ಮಣ್ಣಲ್ಲಿ ಆಡಿದ್ದು ಸಾಕು. ಬಂದು ಅ, ಆ ಬರಿ” ಅಂತಾರೆ. ಆದರೆ ಆ ಮಗು ಆಗಲೇ ಒಂದು ದೊಡ್ಡ ಪಾಠ ಕಲೀತಾ ಇದೆ. ಅದು ಯಾವ ಪಾಠ? ನೋಡೋಣ.

ಇದು ಯಾವ ಆಟ?

ಅಡುಗೆ ಆಟ, ಅಂಗಡಿ ಆಟ, ಗೊಂಬೆ ಮದುವೆ, ಬಸ್ಸಿನ ಆಟ, ಟೀಚರ್ ಆಟ. ಇವೆಲ್ಲ ನಟನೆಯ ಆಟಗಳು. ಇಲ್ಲಿ ಮಗು ಬೇರೆ ಯಾರೋ ಆಗುತ್ತದೆ. ಒಂದು ವಸ್ತುವನ್ನು ಇನ್ನೊಂದು ಅಂತ ತಿಳಿದು ಆಡುತ್ತದೆ.

ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಸುಮಾರು ಒಂದೂವರೆ ವರ್ಷದ ಮಗು ಖಾಲಿ ಲೋಟ ಎತ್ತಿ ಕುಡಿದ ಹಾಗೆ ಮಾಡುತ್ತದೆ. ಎರಡು ದಾಟಿದ ಮೇಲೆ ಗೊಂಬೆಗೆ ಉಣಿಸುತ್ತದೆ, ತಟ್ಟಿ ಮಲಗಿಸುತ್ತದೆ. ನಾಲ್ಕು ವರ್ಷದ ಹೊತ್ತಿಗೆ ನಾಲ್ಕಾರು ಮಕ್ಕಳು ಸೇರಿ ಒಂದು ಸಂಸಾರವನ್ನೇ ಕಟ್ಟುತ್ತಾರೆ.

ಕಲ್ಲು ಲಾಡು ಆಯಿತು

ಮಗು ಕಲ್ಲು ಕೊಟ್ಟು “ಲಾಡು ತಿನ್ನು” ಅನ್ನುತ್ತದೆ. ಅದು ಕಲ್ಲು ಅಂತ ಮಗುವಿಗೆ ಗೊತ್ತು. ಅದಕ್ಕೇ ಅದು ಕಚ್ಚುವುದಿಲ್ಲ. ಆದರೂ ಮನಸ್ಸಿನಲ್ಲಿ ಲಾಡು ಕಾಣುತ್ತದೆ. ಎದುರಿಗೆ ಇಲ್ಲದ ವಸ್ತುವಿಗೆ ಒಂದು ಗುರುತು ಇಟ್ಟುಕೊಂಡಿದೆ.

ಈಗ ನಾವು ಕಲಿತದ್ದನ್ನು ನೆನಪು ಮಾಡಿಕೊಳ್ಳೋಣ. ಅಕ್ಷರ ಅಂದ್ರೆ ಏನು? ಅದೂ ಒಂದು ಗುರುತು. ಹಲಗೆಯ ಮೇಲೆ “ನೀರು” ಅಂತ ಬರೆದರೆ ಅದನ್ನು ಕುಡಿಯೋಕೆ ಆಗುತ್ತಾ? ಇಲ್ಲ. ಆದರೆ ಓದಿದ ಕೂಡಲೇ ನೀರು ನೆನಪಿಗೆ ಬರುತ್ತದೆ. ಕಲ್ಲಿನಲ್ಲಿ ಲಾಡು ಕಾಣುವ ಮಗು ಮುಂದೆ ಗೆರೆಯಲ್ಲಿ ಮಾತು ಕಾಣುತ್ತದೆ.

ರಷ್ಯಾ ದೇಶದಲ್ಲಿ ವೈಗಾಟ್‌ಸ್ಕಿ ಎಂಬ ವಿದ್ವಾಂಸರಿದ್ದರು. ಅವರು 1934ರಲ್ಲಿ ತೀರಿಕೊಂಡರು. ಕೋಲನ್ನು ಕುದುರೆ ಮಾಡಿಕೊಂಡು ಓಡುವ ಮಗುವಿನ ಬಗ್ಗೆ ಅವರು ಬರೆದಿದ್ದಾರೆ. ಬರವಣಿಗೆಯ ಬೇರು ಇಂಥ ಆಟದಲ್ಲಿದೆ ಅಂತ ಅವರು ತೋರಿಸಿಕೊಟ್ಟರು.

ಮಾತು, ಲೆಕ್ಕ, ತಾಳ್ಮೆ

ಅಂಗಡಿ ಆಟ ನೋಡಿ. “ಅಕ್ಕಿ ಎಷ್ಟು?” “ಕೆ.ಜಿ.ಗೆ ಐವತ್ತು.” “ಜಾಸ್ತಿ ಆಯ್ತಪ್ಪ, ಕಮ್ಮಿ ಮಾಡ್ಕೊ.” ಹುಣಸೆ ಬೀಜ ಎಣಿಸಿ ದುಡ್ಡು ಕೊಡ್ತಾರೆ. ಚಿಲ್ಲರೆ ವಾಪಸ್ ಕೇಳ್ತಾರೆ. ಎಣಿಕೆ ಬಂತು, ಮಾತೂ ಬಂತು.

ಬಸ್ಸಿನ ಆಟದಲ್ಲಿ ಒಬ್ಬ ಡ್ರೈವರ್, ಒಬ್ಬ ಕಂಡಕ್ಟರ್. ಕರ್ನಾಟಕದಲ್ಲಿ 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂತು. ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಉಚಿತವಾಯಿತು. ಮಕ್ಕಳ ಆಟವೂ ಬದಲಾಯಿತು. “ಆಧಾರ್ ಕಾರ್ಡ್ ತೋರ್ಸಮ್ಮ” ಅಂತಾನೆ ಪುಟ್ಟ ಕಂಡಕ್ಟರ್. ಇವಳು ಹಲಸಿನ ಎಲೆ ತೋರಿಸ್ತಾಳೆ. ಊರಿನಲ್ಲಿ ನಡೆದದ್ದನ್ನೆಲ್ಲ ಮಕ್ಕಳು ಆಟಕ್ಕೆ ತರ್ತಾರೆ.

ಆಟದಲ್ಲಿ ತಾಳ್ಮೆಯೂ ಬರುತ್ತದೆ. ನೆಂಟನಾದವನು ಬಡಿಸುವ ತನಕ ಕಾಯಬೇಕು. ಕಂಡಕ್ಟರ್ ಸೀಟಿ ಊದದೆ ಬಸ್ಸು ಹೊರಡಬಾರದು. “ಇವತ್ತು ನೀನು ಡ್ರೈವರ್, ನಾಳೆ ನಾನು” ಅಂತ ಒಪ್ಪಂದ ಆಗಬೇಕು. ಜಗಳ ಆಗುತ್ತದೆ, ರಾಜಿಯೂ ಆಗುತ್ತದೆ. “ಸುಮ್ಮನೆ ಕೂತ್ಕೊ” ಅಂದರೆ ಕೂರದ ಮಗು ಆಟದಲ್ಲಿ ತಾನಾಗಿ ಕೂರುತ್ತದೆ.

ಆಟ ಹೇಳುವ ಗುಟ್ಟು

ಸೂಜಿ ಹಾಕಿಸಿಕೊಂಡು ಬಂದ ಮಗು ಮನೆಯಲ್ಲಿ ಡಾಕ್ಟರ್ ಆಗುತ್ತದೆ. ಗೊಂಬೆಗೆ ಕಡ್ಡಿ ಚುಚ್ಚುತ್ತದೆ. “ಅಳಬೇಡ, ಆಯ್ತು, ಆಯ್ತು” ಅನ್ನುತ್ತದೆ. ಹೀಗೆ ಆಡುತ್ತಾ ಆಡುತ್ತಾ ಅದರ ಭಯ ಇಳಿಯುತ್ತದೆ.

ಕೆಲವು ಸಲ ಆಟದಲ್ಲಿ ನೋವು ಕಾಣುತ್ತದೆ. ಅಪ್ಪನಾದ ಹುಡುಗ ತೂರಾಡುತ್ತಾ ಬರುತ್ತಾನೆ. “ಊಟ ಎಲ್ಲೇ?” ಅಂತ ಕೂಗುತ್ತಾನೆ. ಅಮ್ಮನಾದ ಹುಡುಗಿ ಮೂಲೆಯಲ್ಲಿ ಮುದುಡಿ ಕೂರುತ್ತಾಳೆ. ನಾವು ಶಾಲೆಯ ಅಂಗಳದಲ್ಲೂ ಇಂಥ ಆಟ ನೋಡಿದ್ದೇವೆ. ಮಕ್ಕಳು ನಿದ್ದೆ ಮಾಡಿದ್ದಾರೆ ಅಂತ ದೊಡ್ಡವರು ತಿಳಿದಿರ್ತಾರೆ. ಮಕ್ಕಳು ಎಲ್ಲ ಕೇಳಿಸಿಕೊಂಡಿರ್ತಾರೆ.

ಇಂಥ ಆಟ ಕಂಡರೆ ಮಗುವಿಗೆ ಬೈಯಬಾರದು, ಹೊಡೆಯಬಾರದು. ಹತ್ತಿರ ಕೂತು ಮೆಲ್ಲಗೆ ಕೇಳಬೇಕು. “ಈ ಗೊಂಬೆ ಯಾಕೆ ಅಳ್ತಾ ಇದೆ?” ಅಂದರೆ ಸಾಕು. ಗೊಂಬೆಯ ಬಾಯಲ್ಲಿ ಮಗುವಿನ ದುಃಖ ಹೊರಗೆ ಬರಬಹುದು. ಇಂಥ ಆಟ ಆಡಿದ್ದಕ್ಕೇ ಮನೆಯಲ್ಲಿ ಹಾಗೇ ನಡೆದಿದೆ ಅಂತ ತೀರ್ಮಾನ ಮಾಡಬಾರದು. ಆದರೆ ಮಗುವಿಗೆ ನಿಜವಾಗಿ ಹಿಂಸೆ ಆಗ್ತಾ ಇದ್ದರೆ ಸುಮ್ಮನಿರಬಾರದು. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಬಹುದು. ಇದಕ್ಕೆ ದುಡ್ಡಿಲ್ಲ.

ಹೆಣ್ಣು ಮಗುವಿನ ಆಟ

ಒಂದು ಮಾತು ಯೋಚನೆ ಮಾಡೋಣ. ಆರು ವರ್ಷದ ಹುಡುಗಿ ಮಣ್ಣಿನ ಅಡುಗೆ ಮಾಡ್ತಾ ಇರ್ತಾಳೆ. “ಆಡಿದ್ದು ಸಾಕು, ತಮ್ಮನ್ನ ಎತ್ಕೊ, ಪಾತ್ರೆ ತೊಳಿ” ಅಂತ ಕೂಗು ಬರುತ್ತದೆ. ಅವಳ ಅಣ್ಣ ಇನ್ನೂ ಬೀದಿಯಲ್ಲಿ ಆಡ್ತಾ ಇರ್ತಾನೆ. ನಮ್ಮಲ್ಲಿ ಎಷ್ಟೋ ಜನರಿಗೆ ಪಾಟಿ ಚೀಲ ಸಿಗಲಿಲ್ಲ. ಆಟವೂ ಅರ್ಧಕ್ಕೇ ನಿಂತಿತು. ಸೊಂಟಕ್ಕೆ ಕೂಸು ಬಂತು.

ನಮ್ಮ ಹೆಣ್ಣುಮಕ್ಕಳಿಗೆ ಹಾಗೆ ಆಗೋದು ಬೇಡ. ಅವರೂ ಡ್ರೈವರ್ ಆಗಲಿ, ಪೊಲೀಸ್ ಆಗಲಿ, ಪಂಚಾಯ್ತಿ ಅಧ್ಯಕ್ಷೆ ಆಗಲಿ. ಗಂಡುಮಗು ಅಡುಗೆ ಆಟ ಆಡಿದರೆ ನಗೋದು ಬೇಡ. ಇವತ್ತು ಗೊಂಬೆಗೆ ಉಣಿಸಲಿ. ನಾಳೆ ತನ್ನ ಮಗುವಿಗೂ ಉಣಿಸಲಿ.

ಆಟ ಮಗುವಿನ ಹಕ್ಕು. 1989ರಲ್ಲಿ ವಿಶ್ವಸಂಸ್ಥೆ ಮಕ್ಕಳ ಹಕ್ಕುಗಳ ಒಪ್ಪಂದ ಮಾಡಿತು. ಆಡುವ ಹಕ್ಕೂ ಅದರಲ್ಲಿ ಇದೆ. 1992ರಲ್ಲಿ ಭಾರತ ಇದನ್ನು ಒಪ್ಪಿಕೊಂಡಿತು.

ಮೀಸೆಯ ತಾಯಿ

ಗುಜರಾತಿನಲ್ಲಿ ಗಿಜುಭಾಯಿ ಬಧೇಕಾ ಎಂಬ ವಕೀಲರಿದ್ದರು. ಅವರು ವಕೀಲಿ ಬಿಟ್ಟು ಮೇಷ್ಟ್ರಾದರು. 1920ರಲ್ಲಿ ಭಾವನಗರದಲ್ಲಿ ಪುಟ್ಟ ಮಕ್ಕಳಿಗಾಗಿ ಬಾಲಮಂದಿರ ತೆರೆದರು. ಅಲ್ಲಿ ಬೆತ್ತ ಇರಲಿಲ್ಲ. ಕಥೆ, ಹಾಡು, ಆಟ, ನಾಟಕ ಇದ್ದವು. ಜನ ಪ್ರೀತಿಯಿಂದ ಅವರನ್ನು ‘ಮೀಸೆಯ ತಾಯಿ’ ಅಂತ ಕರೆದರು.

ನಮ್ಮ ಅಂಗನವಾಡಿಗಳೂ ಆಟದ ಮನೆಗಳೇ. 1975ರ ಅಕ್ಟೋಬರ್ 2ರಂದು ದೇಶದಲ್ಲಿ ಈ ಯೋಜನೆ ಶುರುವಾಯಿತು. ಕರ್ನಾಟಕದಲ್ಲಿ ಮೊದಲು ಶುರುವಾದದ್ದು ಮೈಸೂರು ಜಿಲ್ಲೆಯ ತಿ. ನರಸೀಪುರದಲ್ಲಿ. ಅಲ್ಲಿ ಊಟದ ಜೊತೆಗೆ 3ರಿಂದ 6 ವರ್ಷದ ಮಕ್ಕಳಿಗೆ ಕಲಿಕೆಯೂ ಇದೆ. “ಇವತ್ತು ಏನು ಬರೆಸಿದ್ರಿ?” ಅಂತ ಮಾತ್ರ ಕೇಳಬೇಡಿ. “ಇವತ್ತು ಏನು ಆಡಿಸಿದ್ರಿ?” ಅಂತಲೂ ಕೇಳಿ.

ನಾವು ಏನು ಮಾಡಬಹುದು?

1. ದಿನಾ ಸ್ವಲ್ಪ ಹೊತ್ತು ಮಗುವನ್ನು ಅದರ ಪಾಡಿಗೆ ಆಡಲು ಬಿಡೋಣ.

2. ದುಡ್ಡು ಕೊಟ್ಟು ಆಟಿಕೆ ತರಬೇಕಿಲ್ಲ. ಕರಟ, ಹಳೇ ಸೀರೆ ತುಂಡು, ರಟ್ಟಿನ ಪೆಟ್ಟಿಗೆ, ಮುರಿದ ಮೊರ ಸಾಕು.

3. ಕರೆದರೆ ನಾವೂ ಆಡೋಣ. ಮಣ್ಣಿನ ಕಾಫಿ ಕೊಟ್ಟರೆ “ಸಕ್ಕರೆ ಕಮ್ಮಿ ಆಯ್ತು ಕಣವ್ವ” ಅನ್ನೋಣ. ಆಟದ ಯಜಮಾನಿಕೆ ಮಾತ್ರ ಮಗುವಿಗೇ ಇರಲಿ.

4. ಮೊಬೈಲ್ ಕೊಟ್ಟರೆ ಮಗು ಸುಮ್ಮನಿರುತ್ತೆ, ನಿಜ. ಆದರೆ ಅಲ್ಲಿ ಆಡೋರು ಬೇರೆಯವರು. ಮಗು ನೋಡುತ್ತಾ ಕೂರುತ್ತದೆ.

5. ಎಚ್ಚರ ಇರಲಿ. ಮೂರು ವರ್ಷದೊಳಗಿನ ಮಗುವಿಗೆ ಬೀಜ, ಮಣಿ, ಗುಂಡಿ ಕೊಡಬೇಡಿ. ಬಾಯಿಗೆ, ಮೂಗಿಗೆ ಹಾಕಿಕೊಳ್ಳುತ್ತದೆ. ಬೆಳೆಗೆ ಹೊಡೆಯುವ ಔಷಧಿಯ ಡಬ್ಬವನ್ನು ತೊಳೆದರೂ ಆಟಕ್ಕೆ ಕೊಡಬೇಡಿ. ಬಾವಿ, ಹೊಂಡ, ಬೆಂಕಿಯ ಹತ್ತಿರ ಆಡಲು ಬಿಡಬೇಡಿ. ಆಟ ಮುಗಿದ ಮೇಲೆ ಸೋಪು ಹಚ್ಚಿ ಕೈ ತೊಳೆಸಿ.

ಮಾತಾಡೋಣ

• ನೀವು ಚಿಕ್ಕವರಿದ್ದಾಗ ಯಾವ ಆಟ ಆಡ್ತಿದ್ರಿ? ನಿಮ್ಮ ಆಟ ಯಾವಾಗ ನಿಂತಿತು? ಯಾಕೆ?
• ನಿಮ್ಮ ಮನೆಯಲ್ಲಿ ಗಂಡುಮಗು ಯಾವ ಆಟ ಆಡುತ್ತದೆ? ಹೆಣ್ಣುಮಗು ಯಾವ ಆಟ ಆಡುತ್ತದೆ?

ಬರೆಯೋಣ

ನಿಮ್ಮ ಕೇರಿಯ ಮಕ್ಕಳ ಆಟವನ್ನು ನಾಳೆ ಸ್ವಲ್ಪ ಹೊತ್ತು ನೋಡಿ. ಅವರು ಯಾವ ವಸ್ತುವನ್ನು ಏನು ಮಾಡಿಕೊಂಡರು? ಹೀಗೆ ಬರೆಯಿರಿ:

ಕಲ್ಲು — ಲಾಡು
ಎಲೆ — ಆಧಾರ್ ಕಾರ್ಡ್
ಕೋಲು — ________
ಕರಟ — ________

ಬರೆದದ್ದನ್ನು ಮಕ್ಕಳಿಗೆ ಓದಿ ಹೇಳಿ. ತಮ್ಮ ಆಟವನ್ನು ಅಮ್ಮ ಬರೆದಿದ್ದಾಳೆ ಅಂತ ತಿಳಿದರೆ ಅವರಿಗೆ ಹಿಗ್ಗು. ಅಕ್ಷರ ಯಾತಕ್ಕೆ ಬೇಕು ಅಂತಲೂ ಅವರಿಗೆ ಆಗ ತಿಳಿಯುತ್ತದೆ.