ವ್ಯಾಯಾಮವೂ ಒಂದು ವಿದ್ಯೆ

ವ್ಯಾಯಾಮ ಮಾಡುವುದು ಬೇರೆ. ವ್ಯಾಯಾಮ ಮಾಡಿಸುವುದು ಬೇರೆ. ತನ್ನ ದೇಹವನ್ನು ತಾನೇ ದಂಡಿಸುವವನಿಗೆ ಆಯಾಸ, ನೋವು, ಉಸಿರಿನ ಕಷ್ಟ ಇವೆಲ್ಲ ಒಡನೆಯೇ ಅನುಭವಕ್ಕೆ ಬರುತ್ತವೆ. ಬೇರೊಬ್ಬರಿಂದ ವ್ಯಾಯಾಮ ಮಾಡಿಸುವವನಿಗೆ ಆ ಅನುಕೂಲವಿಲ್ಲ. ಎದುರಿಗೆ ನಿಂತವನ ಹೃದಯವು ಎಷ್ಟು ಶ್ರಮವನ್ನು ತಾಳಬಲ್ಲುದು, ಅವನ ಕೀಲುಗಳು ಎಷ್ಟು ಭಾರವನ್ನು ಹೊರಬಲ್ಲವು ಎಂಬುದನ್ನು ಅವನು ಶಾಸ್ತ್ರಜ್ಞಾನದಿಂದಲೇ ಅರಿಯಬೇಕಾಗುತ್ತದೆ. ಈ ಜ್ಞಾನಕ್ಕೆ ವ್ಯಾಯಾಮ ವಿಜ್ಞಾನವೆಂದು ಹೆಸರು. ಇಂದು ಅನೇಕ ವಿಶ್ವವಿದ್ಯಾನಿಲಯಗಳಲ್ಲಿ ಇದು ಪದವಿ ವ್ಯಾಸಂಗದ ವಿಷಯವಾಗಿದೆ.

ಕನ್ನಡ ನಾಡಿಗೆ ವ್ಯಾಯಾಮ ಹೊಸದಲ್ಲ. ಮೈಸೂರು ಸೀಮೆಯ ಗರಡಿಮನೆಗಳಲ್ಲಿ ಕೆಮ್ಮಣ್ಣಿನ ಮಟ್ಟಿಗೆ ನಮಸ್ಕರಿಸಿ, ದಂಡ ಹೊಡೆದು, ಬಸ್ಕಿ ತೆಗೆದು, ಗದೆ ತಿರುಗಿಸಿ ಮೈಯನ್ನು ಹುರಿಗೊಳಿಸಿದ ಜಟ್ಟಿಗಳ ಪರಂಪರೆ ದೊಡ್ಡದು. 'ಶಾಂತಲಾ', 'ರೂಪದರ್ಶಿ' ಕಾದಂಬರಿಗಳನ್ನು ಬರೆದ ಕೆ. ವಿ. ಅಯ್ಯರ್ ಅವರು ಬೆಂಗಳೂರಿನಲ್ಲಿ ವ್ಯಾಯಾಮಶಾಲೆಯನ್ನು ನಡೆಸಿ, ದೂರದ ಊರಿನವರಿಗೆ ಅಂಚೆಯ ಮೂಲಕವೂ ಅಂಗಸಾಧನೆಯನ್ನು ಕಲಿಸಿದರು. ಗರಡಿಯ ಉಸ್ತಾದರ ಅನುಭವ ಬೆಲೆಯುಳ್ಳದ್ದು. ಆದರೆ ಅವರ ಬಳಿಗೆ ಬರುತ್ತಿದ್ದವರು ಬಹುಮಟ್ಟಿಗೆ ಗಟ್ಟಿಮುಟ್ಟಾದ ತರುಣರು. ವೃದ್ಧರು, ಹೃದ್ರೋಗಿಗಳು, ಮಧುಮೇಹಿಗಳು ಗರಡಿಯ ಹೊಸ್ತಿಲನ್ನು ತುಳಿಯುತ್ತಿದ್ದುದು ಅಪರೂಪ. ಇಂದು ಅವರೆಲ್ಲರೂ ವೈದ್ಯರ ಸಲಹೆಯಂತೆ ವ್ಯಾಯಾಮ ಮಾಡುತ್ತಾರೆ. ಆದುದರಿಂದ ವ್ಯಾಯಾಮವನ್ನು ಮಾಡಿಸುವವರ ಹೊಣೆಯೂ ಹೆಚ್ಚಿದೆ.

ಈ ವಿಜ್ಞಾನದ ಅಡಿಗಲ್ಲುಗಳಲ್ಲಿ ಕೆಲವನ್ನು ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಇಡಲಾಯಿತು. ಸ್ನಾಯುಗಳಲ್ಲಿನ ಸೂಕ್ಷ್ಮ ರಕ್ತನಾಳಗಳು ಅಗತ್ಯಕ್ಕೆ ತಕ್ಕಂತೆ ತೆರೆದುಕೊಳ್ಳುವುದನ್ನು ತೋರಿಸಿದ ಡೆನ್ಮಾರ್ಕಿನ ಆಗಸ್ಟ್ ಕ್ರೋಗ್ ಅವರಿಗೆ 1920ರ ನೊಬೆಲ್ ಬಹುಮಾನ ಸಂದಿತು. ಸ್ನಾಯುಗಳ ಕೆಲಸವನ್ನು ಕುರಿತ ಸಂಶೋಧನೆಗಾಗಿ 1922ರ ಬಹುಮಾನವನ್ನು ಇಂಗ್ಲೆಂಡಿನ ಎ. ವಿ. ಹಿಲ್ ಮತ್ತು ಜರ್ಮನಿಯ ಆಟೋ ಮೇಯರ್‌ಹಾಫ್ ಹಂಚಿಕೊಂಡರು. ಹಿಲ್ ಅವರು ಸ್ವತಃ ಓಟಗಾರರು. ಬೆನ್ನಿಗೆ ಚೀಲವೊಂದನ್ನು ಕಟ್ಟಿಕೊಂಡು ಹುಲ್ಲುನೆಲದ ಮೇಲೆ ಓಡಿ, ತಾವು ಹೊರಬಿಟ್ಟ ಉಸಿರನ್ನು ಅದರಲ್ಲಿ ಸಂಗ್ರಹಿಸಿ ಪರೀಕ್ಷಿಸಿದರು. ಓಟದ ವೇಗ ಹೆಚ್ಚಿದಂತೆ ದೇಹವು ಬಳಸುವ ಆಮ್ಲಜನಕವೂ ಹೆಚ್ಚುತ್ತದೆ. ಆದರೆ ಅದಕ್ಕೊಂದು ಮಿತಿಯುಂಟು ಎಂಬುದು ಇಂತಹ ಪ್ರಯೋಗಗಳಿಂದ ತಿಳಿಯಿತು. ಒಬ್ಬನ ದೇಹವು ನಿಮಿಷವೊಂದಕ್ಕೆ ಬಳಸಬಲ್ಲ ಆಮ್ಲಜನಕದ ಗರಿಷ್ಠ ಪ್ರಮಾಣವೇ ಅವನ ದೈಹಿಕ ಸಾಮರ್ಥ್ಯದ ಒಂದು ಮುಖ್ಯ ಅಳತೆಗೋಲಾಯಿತು.

ವ್ಯಾಯಾಮಕ್ಕೂ ಆರೋಗ್ಯಕ್ಕೂ ಇರುವ ಸಂಬಂಧವನ್ನು ಲೆಕ್ಕಹಾಕಿ ತೋರಿಸಿದವರಲ್ಲಿ ಲಂಡನ್ನಿನ ವೈದ್ಯ ಜೆರೆಮಿ ಮಾರಿಸ್ ಪ್ರಮುಖರು. ಆ ನಗರದ ಎರಡು ಅಂತಸ್ತಿನ ಬಸ್ಸುಗಳಲ್ಲಿ ಚಾಲಕನು ದಿನವಿಡೀ ಕುಳಿತಿರುತ್ತಿದ್ದನು. ಚೀಟಿ ಕೊಡುವ ನಿರ್ವಾಹಕನು ಮೇಲಕ್ಕೂ ಕೆಳಕ್ಕೂ ಓಡಾಡುತ್ತ ದಿನಕ್ಕೆ ಸುಮಾರು 500ರಿಂದ 750 ಮೆಟ್ಟಿಲುಗಳನ್ನು ಹತ್ತುತ್ತಿದ್ದನು. ಇಬ್ಬರೂ ಒಂದೇ ಬಸ್ಸಿನಲ್ಲಿ ದುಡಿಯುವವರು. ಆದರೂ ಚಾಲಕರಿಗಿಂತ ನಿರ್ವಾಹಕರಲ್ಲಿ ಹೃದಯಾಘಾತ ಕಡಿಮೆಯಾಗಿರುವುದನ್ನು ಮಾರಿಸ್ ಮತ್ತು ಅವರ ಸಂಗಡಿಗರು 1953ರಲ್ಲಿ ಪ್ರಕಟಿಸಿದರು. ಅವರು ಅಷ್ಟಕ್ಕೇ ತೃಪ್ತರಾಗಲಿಲ್ಲ. ಕೆಲಸಕ್ಕೆ ಸೇರುವಾಗಲೇ ಚಾಲಕರು ಸ್ಥೂಲಕಾಯರಾಗಿದ್ದಿರಬಾರದೇಕೆ ಎಂಬ ಸಂದೇಹ ಅವರಿಗುಂಟಾಯಿತು. ಸಂಸ್ಥೆಯು ನೌಕರರಿಗೆ ಹೊಲಿಸಿಕೊಟ್ಟ ಸಮವಸ್ತ್ರಗಳ ಸೊಂಟದಳತೆಯನ್ನು ಪರಿಶೀಲಿಸಿದಾಗ ಚಾಲಕರ ಸೊಂಟವೇ ದಪ್ಪವೆಂದು ಕಂಡುಬಂದಿತು. ಆ ಸಂದೇಹಕ್ಕೆ ಆಧಾರವಿತ್ತು. ಆದುದರಿಂದ ಅವರು ಬೇರೆ ಉದ್ಯೋಗಗಳವರನ್ನೂ, ಬಿಡುವಿನ ವೇಳೆಯಲ್ಲಿ ವ್ಯಾಯಾಮ ಮಾಡುವವರನ್ನೂ ವರ್ಷಗಟ್ಟಲೆ ಅಭ್ಯಸಿಸಿದರು. ದೇಹಶ್ರಮವು ಹೃದಯವನ್ನು ಕಾಯುತ್ತದೆಂಬ ನಿರ್ಣಯ ಹೀಗೆ ದೃಢವಾಯಿತು. ತನಗೆ ಪ್ರಿಯವಾದ ಅಭಿಪ್ರಾಯವನ್ನೇ ಮೊದಲು ಪರೀಕ್ಷೆಗೆ ಒಡ್ಡುವುದು ವಿಜ್ಞಾನಿಯ ಲಕ್ಷಣ.

ಚಲನೆ ದೇಹಕ್ಕೆ ಹಿತವೆಂದಾದರೆ, ಚಲನೆಯಿಲ್ಲದಿರುವುದು ಎಷ್ಟು ಹಾನಿಕರ? ಅಮೆರಿಕದ ಡಲ್ಲಾಸ್ ನಗರದಲ್ಲಿ 1966ರಲ್ಲಿ ನಡೆದ ಪ್ರಯೋಗವು ಇದಕ್ಕೆ ಉತ್ತರ ನೀಡಿತು. ಸುಮಾರು 20 ವರ್ಷ ವಯಸ್ಸಿನ ಐವರು ಆರೋಗ್ಯವಂತ ತರುಣರು ಮೂರು ವಾರ ಹಾಸಿಗೆಯಲ್ಲಿಯೇ ಮಲಗಿದ್ದರು. ಅಷ್ಟರಲ್ಲಿಯೇ ಆಮ್ಲಜನಕವನ್ನು ಬಳಸುವ ಅವರ ಸಾಮರ್ಥ್ಯವು ಸರಾಸರಿಯಲ್ಲಿ ಶೇಕಡ 25ಕ್ಕಿಂತಲೂ ಹೆಚ್ಚು ಕುಗ್ಗಿತು. ಬಳಿಕ ಎಂಟು ವಾರಗಳ ತರಬೇತಿಯಿಂದ ಅವರು ಚೇತರಿಸಿಕೊಂಡರು. ಮೂವತ್ತು ವರ್ಷಗಳಾದ ಮೇಲೆ, 1996ರಲ್ಲಿ, ಅದೇ ಐವರನ್ನು ಮತ್ತೆ ಪರೀಕ್ಷಿಸಿದಾಗ ಒಂದು ಸೋಜಿಗ ಕಂಡಿತು. ಮೂವತ್ತು ವರ್ಷಗಳ ವಯೋಧರ್ಮದಿಂದ ಆದ ನಷ್ಟಕ್ಕಿಂತ ಮೂರು ವಾರಗಳ ನಿಶ್ಚಲತೆಯಿಂದ ಆದ ನಷ್ಟವೇ ದೊಡ್ಡದಾಗಿತ್ತು!

ವ್ಯಾಯಾಮ ವಿಜ್ಞಾನದ ವಿದ್ಯಾರ್ಥಿಯು ಮೊದಲು ಅಂಗರಚನಾಶಾಸ್ತ್ರವನ್ನು ಕಲಿಯುತ್ತಾನೆ. ವಯಸ್ಕ ಮಾನವನ 206 ಮೂಳೆಗಳು, ಅವುಗಳನ್ನು ಚಲಿಸುವಂತೆ ಮಾಡುವ ಆರುನೂರಕ್ಕೂ ಮೀರಿದ ಸ್ನಾಯುಗಳು, ಅವುಗಳ ಕಾರ್ಯ ಇವು ಅವನಿಗೆ ಪರಿಚಿತವಾಗಬೇಕು. ಅನಂತರ ಶರೀರಕ್ರಿಯಾಶಾಸ್ತ್ರ. ವಿಶ್ರಾಂತಿಯಲ್ಲಿರುವಾಗ ಹೃದಯವು ನಿಮಿಷಕ್ಕೆ ಸುಮಾರು 5 ಲೀಟರು ರಕ್ತವನ್ನು ಹೊರದೂಡುತ್ತದೆ. ತೀವ್ರ ಶ್ರಮದಲ್ಲಿ ಸಾಮಾನ್ಯ ತರುಣನ ಹೃದಯವೇ ಸುಮಾರು 20 ಲೀಟರು ಹೊರದೂಡಬಲ್ಲುದು. ನುರಿತ ದೂರದೋಟಗಾರನ ಹೃದಯದ ಶಕ್ತಿ ಇದಕ್ಕಿಂತಲೂ ಮಿಗಿಲು. ಚಲನಶಾಸ್ತ್ರದಲ್ಲಿ ದೇಹವನ್ನು ಸನ್ನೆಕೋಲುಗಳ ಸಮೂಹವೆಂದು ಪರಿಗಣಿಸುತ್ತಾರೆ. ನೀರು ತುಂಬಿದ ಕೊಡವನ್ನು ಬೆನ್ನು ಬಗ್ಗಿಸಿ, ಕೈಚಾಚಿ ಎತ್ತಿದರೆ ಸೊಂಟಕ್ಕೆ ಪೆಟ್ಟಾಗಬಹುದು. ಮಂಡಿಗಳನ್ನು ಮಡಿಸಿ, ಕೊಡವನ್ನು ಮೈಗೆ ಹತ್ತಿರವಿರಿಸಿ ಎತ್ತಿದರೆ ಬೆನ್ನೆಲುಬಿನ ಮೇಲಿನ ಒತ್ತಡ ಕಡಿಮೆಯಾಗುತ್ತದೆ. ಕೊಡದ ತೂಕ ಒಂದೇ. ಬದಲಾದುದು ಸನ್ನೆಕೋಲಿನ ಉದ್ದ.

ಅಳೆಯುವುದನ್ನೂ ಅವನು ಕಲಿಯಬೇಕು. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ 1927ರಿಂದ 1947ರವರೆಗೆ ಆಯಾಸವನ್ನೇ ಅಭ್ಯಸಿಸುವ ಪ್ರಯೋಗಶಾಲೆಯೊಂದಿತ್ತು. ಅಲ್ಲಿ ರೂಪುಗೊಂಡ ಮೆಟ್ಟಿಲು ಪರೀಕ್ಷೆ ಸರಳವಾದುದು. ಇಪ್ಪತ್ತು ಅಂಗುಲ ಎತ್ತರದ ಮೆಟ್ಟಿಲನ್ನು ನಿಮಿಷಕ್ಕೆ 30 ಸಲದಂತೆ ಹೆಚ್ಚೆಂದರೆ ಐದು ನಿಮಿಷ ಹತ್ತಿ ಇಳಿಯಬೇಕು. ಬಳಿಕ ಕುಳಿತು ನಾಡಿಯನ್ನು ಎಣಿಸಬೇಕು. ನಾಡಿ ಬೇಗನೆ ತಗ್ಗಿದಷ್ಟೂ ದೇಹ ಸಮರ್ಥವೆಂದು ಅರ್ಥ. ದೊಡ್ಡ ಯಂತ್ರಗಳಿಲ್ಲದೆಯೂ ದೇಹದ ಸ್ಥಿತಿಯನ್ನು ಅರಿಯಬಹುದೆಂಬುದಕ್ಕೆ ಇದೊಂದು ನಿದರ್ಶನ.

ತರಬೇತಿಯ ನಿಯಮಗಳು ಈ ವ್ಯಾಸಂಗದ ಹೃದಯಭಾಗ. ಪ್ರಾಚೀನ ಗ್ರೀಸಿನ ಮೈಲೋ ಎಂಬ ಮಲ್ಲನು ಎಳೆಗರುವೊಂದನ್ನು ದಿನವೂ ಹೊತ್ತು ನಡೆಯುತ್ತಿದ್ದನೆಂದೂ, ಕರು ಬೆಳೆದು ಹೋರಿಯಾದಾಗ ಅದನ್ನೂ ಹೊತ್ತನೆಂದೂ ಒಂದು ಕತೆಯಿದೆ. ಕತೆ ನಿಜವಿರಲಿ, ಇಲ್ಲದಿರಲಿ, ಅದರಲ್ಲಿರುವ ತತ್ತ್ವ ನಿಜ. ಭಾರವನ್ನು ಸ್ವಲ್ಪಸ್ವಲ್ಪವಾಗಿ ಏರಿಸಬೇಕು. ಶ್ರಮದ ಬಳಿಕ ವಿಶ್ರಾಂತಿ ಬೇಕು. ಏಕೆಂದರೆ ಶ್ರಮದಿಂದ ಸವೆದ ಸ್ನಾಯುವು ಬಲಗೊಳ್ಳುವುದು ವಿಶ್ರಾಂತಿಯ ಅವಧಿಯಲ್ಲಿಯೇ. ಅಭ್ಯಾಸವನ್ನು ಬಿಟ್ಟರೆ ಗಳಿಸಿದ ಬಲವೂ ಕರಗುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಒಬ್ಬರಿಗೆ ತಕ್ಕುದು ಇನ್ನೊಬ್ಬರಿಗೆ ತಕ್ಕುದಲ್ಲ.

ಈ ಕೊನೆಯ ಮಾತನ್ನು ಮರೆತರೆ ಅನಾಹುತವಾದೀತು. ರೂಢಿಯಿಲ್ಲದವನಿಂದ ಮೊದಲ ದಿನವೇ ನೂರಾರು ಬಸ್ಕಿ ತೆಗೆಸಿದರೆ ಸ್ನಾಯುವಿನ ಎಳೆಗಳು ಒಡೆದು, ಅವುಗಳೊಳಗಿನ ವಸ್ತುಗಳು ರಕ್ತವನ್ನು ಸೇರಬಹುದು. ಆಗ ಮೂತ್ರವು ಕಪ್ಪು ಚಹದ ಬಣ್ಣಕ್ಕೆ ತಿರುಗುತ್ತದೆ. ಮೂತ್ರಪಿಂಡಗಳು ಕೆಟ್ಟು ಪ್ರಾಣಕ್ಕೇ ಸಂಚಕಾರ ಬರಬಹುದು. ಬಿಸಿಲು, ಸೆಕೆಗಳಲ್ಲಿ ಬೆವರು ಆರದೆ ದೇಹದ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ಮೀರಿ, ಓಡುತ್ತಿದ್ದವನು ಬಡಬಡಿಸುತ್ತ ಕುಸಿಯಬಹುದು. ಅವನನ್ನು ಒಡನೆಯೇ ತಣ್ಣೀರಿನಿಂದ ತಣಿಸಬೇಕು. ಅದು ಸೋಮಾರಿತನವೆಂದು ಗದರಿಸುವುದು ಅಜ್ಞಾನ. ಎದೆನೋವೆಂದವನನ್ನು ಇನ್ನೊಂದು ಸುತ್ತು ಓಡೆಂದು ಅಟ್ಟುವುದಂತೂ ಅಪರಾಧಕ್ಕೆ ಸಮಾನ. ಆದುದರಿಂದಲೇ ಅರಿತ ಶಿಕ್ಷಕನು ವ್ಯಾಯಾಮಕ್ಕೆ ಮುನ್ನ ವಯಸ್ಸು, ಕಾಯಿಲೆ, ಔಷಧಗಳ ವಿವರವನ್ನು ವಿಚಾರಿಸುತ್ತಾನೆ. ಸಂಶಯವಿದ್ದಲ್ಲಿ ವೈದ್ಯರ ಬಳಿಗೆ ಕಳುಹಿಸುತ್ತಾನೆ. ಹೃದಯ ನಿಂತವನ ಎದೆಯನ್ನು ನಿಮಿಷಕ್ಕೆ 100ರಿಂದ 120 ಸಲ ಒತ್ತಿ ಪ್ರಾಣವನ್ನು ಹಿಡಿದು ನಿಲ್ಲಿಸುವ ಪ್ರಥಮ ಚಿಕಿತ್ಸೆಯನ್ನೂ ಅವನು ಬಲ್ಲನು.

ಬೇಗನೆ ಮೈ ಬೆಳೆಸುವ ಆಸೆಯಿಂದ ಕೆಲವು ತರುಣರು ಹಾರ್ಮೋನು ಔಷಧಗಳಿಗೆ ಮೊರೆಹೋಗುವುದುಂಟು. ಅವು ಹೃದಯ, ಯಕೃತ್ತುಗಳಿಗೆ ಹಾನಿ ಮಾಡುತ್ತವೆ. ಎಳೆಯ ವಯಸ್ಸಿನಲ್ಲಿ ಮೂಳೆಯ ಬೆಳವಣಿಗೆಯನ್ನೇ ನಿಲ್ಲಿಸಬಹುದು. ಇದನ್ನು ತಿಳಿದು ಧೈರ್ಯದಿಂದ 'ಬೇಡ' ಎನ್ನುವುದು ಶಿಕ್ಷಕನ ಧರ್ಮ. ಬೇಳೆ, ಕಾಳು, ಹಾಲು, ಮೊಟ್ಟೆಗಳಿಂದ ಕೂಡಿದ ಸಮತೋಲ ಆಹಾರ, ಸಾಕಷ್ಟು ನಿದ್ರೆ, ನಿಯತವಾದ ಅಭ್ಯಾಸ ಇವಕ್ಕೆ ಬದಲಿಯಾದ ಅಡ್ಡದಾರಿಯಿಲ್ಲ.

ಭಾರತದಲ್ಲಿ ಈ ಬಗೆಯ ಶಿಕ್ಷಣಕ್ಕೆ ನೂರು ವರ್ಷಗಳ ಇತಿಹಾಸವಿದೆ. ಹ್ಯಾರಿ ಕ್ರೋ ಬಕ್ ಅವರು 1920ರಲ್ಲಿ ಮದರಾಸಿನಲ್ಲಿ ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ವಿದ್ಯಾಲಯವನ್ನು ಸ್ಥಾಪಿಸಿದರು. 1857ರ ಸಂಗ್ರಾಮದ ಶತಮಾನೋತ್ಸವದ ವರ್ಷವಾದ 1957ರಲ್ಲಿ ಗ್ವಾಲಿಯರಿನಲ್ಲಿ ರಾಣಿ ಲಕ್ಷ್ಮೀಬಾಯಿಯ ಹೆಸರಿನ ವಿದ್ಯಾಲಯ ಆರಂಭವಾಯಿತು. 1961ರಲ್ಲಿ ಪಟಿಯಾಲದಲ್ಲಿ ಕ್ರೀಡಾ ತರಬೇತುದಾರರನ್ನು ಸಿದ್ಧಗೊಳಿಸುವ ರಾಷ್ಟ್ರೀಯ ಸಂಸ್ಥೆ ತಲೆಯೆತ್ತಿತು. 2018ರಲ್ಲಿ ಮಣಿಪುರದಲ್ಲಿ ರಾಷ್ಟ್ರೀಯ ಕ್ರೀಡಾ ವಿಶ್ವವಿದ್ಯಾನಿಲಯ ಸ್ಥಾಪಿತವಾಯಿತು. ಮೈಸೂರು, ಬೆಂಗಳೂರು, ಧಾರವಾಡಗಳ ವಿಶ್ವವಿದ್ಯಾನಿಲಯಗಳಲ್ಲಿಯೂ ದೈಹಿಕ ಶಿಕ್ಷಣದ ವ್ಯಾಸಂಗಕ್ಕೆ ಅವಕಾಶವಿದೆ. ಇಂತಹ ವಿದ್ಯೆಯನ್ನು ಪಡೆದವರು ಶಾಲೆ, ಕ್ರೀಡಾಂಗಣ, ವ್ಯಾಯಾಮಶಾಲೆಗಳಲ್ಲಿ ದುಡಿಯಬಹುದು. ವೈದ್ಯರ ಜೊತೆಗೂಡಿ ರೋಗಿಗಳಿಗೂ ನೆರವಾಗಬಹುದು. ಜೀವಶಾಸ್ತ್ರ, ಭೌತಶಾಸ್ತ್ರಗಳಲ್ಲಿ ಆಸಕ್ತಿ, ಜನರೊಡನೆ ತಾಳ್ಮೆ ಇವೆರಡೂ ಅವರಿಗೆ ಅವಶ್ಯ.

ಬಲಿಷ್ಠನಾದವನೆಲ್ಲ ಬಲವನ್ನು ಕಲಿಸಲಾರನು. ಅರವತ್ತು ವರ್ಷದ ಮುದುಕಿಯೊಬ್ಬಳು ಆಸರೆಯಿಲ್ಲದೆ ಕುರ್ಚಿಯಿಂದ ಏಳುವಂತೆ ಮಾಡುವುದೂ, ಓಟಗಾರನನ್ನು ಪಂದ್ಯಕ್ಕೆ ಸಿದ್ಧಗೊಳಿಸುವುದೂ ಈ ವಿದ್ಯೆಯಲ್ಲಿ ಸಮಾನ ಗೌರವದ ಕಾರ್ಯಗಳು. ತನ್ನನ್ನು ನಂಬಿ ಬಂದವರು ಬಂದುದಕ್ಕಿಂತ ಹೆಚ್ಚು ಆರೋಗ್ಯದಿಂದ ಮನೆಗೆ ಮರಳಬೇಕೆಂಬ ಎಚ್ಚರವೇ ನಿಜವಾದ ವ್ಯಾಯಾಮ ಶಿಕ್ಷಕನ ಗುರುತು.

ಅಭ್ಯಾಸ

1. ಬಸ್ ಚಾಲಕರ ಮತ್ತು ನಿರ್ವಾಹಕರ ನಡುವೆ ಮಾರಿಸ್ ಕಂಡ ವ್ಯತ್ಯಾಸವೇನು? ಅವರು ತಮ್ಮ ನಿರ್ಣಯವನ್ನು ಏಕೆ ಮತ್ತೆ ಪರೀಕ್ಷಿಸಿದರು?
2. ಡಲ್ಲಾಸ್ ಪ್ರಯೋಗದಿಂದ ತಿಳಿದುಬರುವ ಸಂಗತಿಗಳನ್ನು ಬರೆಯಿರಿ.
3. ಮೈಲೋನ ಕತೆಯಲ್ಲಿ ಅಡಗಿರುವ ತರಬೇತಿಯ ನಿಯಮ ಯಾವುದು?
4. 'ಬಲಿಷ್ಠನಾದವನೆಲ್ಲ ಬಲವನ್ನು ಕಲಿಸಲಾರನು.' ಈ ಮಾತನ್ನು ಪಾಠದ ಆಧಾರದಿಂದ ಸಮರ್ಥಿಸಿರಿ.