ಸಂಗೀತಕ್ಕೆ ದುಬಾರಿ ಸ್ವಿಚ್ಚು ಬೇಕೆ?

ಗೌರಿಬಿದನೂರಿನ ಬಳಿ 1976ರಿಂದ ನಡೆಯುತ್ತಿರುವ ರೇಡಿಯೋ ವೀಕ್ಷಣಾಲಯದಲ್ಲಿ ಆಕಾಶದ ಅತಿ ಕ್ಷೀಣ ಸಂಕೇತಗಳೊಡನೆ ವಿದ್ಯುತ್ ಗದ್ದಲ ಬೆರೆತರೆ ಅಳತೆ ಕೆಡುವುದು. ಹಾಗಾದರೆ ಮನೆಯ ಸಂಗೀತಕ್ಕೂ ದುಬಾರಿ ನೆಟ್‌ವರ್ಕ್ ಸ್ವಿಚ್ಚು ಬೇಕೆ?

ಭೇದವನ್ನು ಗಮನಿಸೋಣ. ಆಂಟೆನಾದಲ್ಲಿ ಹುಟ್ಟುವುದು ಅವಿಚ್ಛಿನ್ನ ಸಂಕೇತ. ಬೆರೆತ ಗದ್ದಲವನ್ನು ಬೇರ್ಪಡಿಸುವುದು ಕಷ್ಟ. ಸ್ವಿಚ್ಚಿನಲ್ಲಿ ಹಾಯುವುದಾದರೋ ಅಂಕೆಗಳ ಪೊಟ್ಟಣ. ಪ್ರತಿಯೊಂದರಲ್ಲಿಯೂ 32 ಬಿಟ್ಟುಗಳ ತಾಳೆಸಂಖ್ಯೆಯುಂಟು. ತಾಳೆಯಾಗದ ಪೊಟ್ಟಣ ತ್ಯಾಜ್ಯ, ಸಾಮಾನ್ಯವಾಗಿ ಅದು ಮತ್ತೆ ಬರುತ್ತದೆ. ಬಂದ ಅಂಕೆಗಳು ಸ್ಮೃತಿಕೋಶದಲ್ಲಿ ತಂಗಿ, ಪರಿವರ್ತಕದ ಗಡಿಯಾರದ ಲಯಕ್ಕೆ ಹೊರಡುತ್ತವೆ. ಆದುದರಿಂದ ಅಗ್ಗದ ಸ್ವಿಚ್ಚೂ ದುಬಾರಿಯದೂ ಒಂದೇ ಅಂಕೆಗಳನ್ನು ತಲುಪಿಸುತ್ತವೆ.

ಪರಿವರ್ತಕ, ವರ್ಧಕಗಳಲ್ಲಿ ಸಂಕೇತ ಪುನಃ ಅವಿಚ್ಛಿನ್ನವಾಗುವುದರಿಂದ ವಿದ್ಯುತ್ ಪೂರೈಕೆಯ ದೋಷ ಅಲ್ಲಿ ಕೇಳಿಸೀತು. ಹಣ ವ್ಯಯಿಸುವ ಮುನ್ನ, ಒಂದೇ ಧ್ವನಿಮಟ್ಟದಲ್ಲಿ, ಯಾವುದನ್ನು ಜೋಡಿಸಿದೆಯೆಂದು ನಮಗೆ ತಿಳಿಯದಂತೆ ಮಿತ್ರನಿಂದ ಬದಲಾಯಿಸಿ ಹಲವು ಬಾರಿ ಕೇಳೋಣ. ಭೇದ ಗುರುತಾಗದಿದ್ದರೆ ಹಣ ಕಿಸೆಯಲ್ಲಿಯೇ ಇರಲಿ.